ಬಾಟಲಿಯ ಮೇಲೆ ನಾನು ಓದದೆ ಬಿಟ್ಟ ಸಾಲು

ಸುನಂದಾ, ಆ ಬಾಟಲಿಯಲ್ಲಿದ್ದದ್ದು ವೈನ್ ಎಂದು ನನಗೆ ಗೊತ್ತಿತ್ತು. ಅವ್ವ ಲೋಟ ಎತ್ತುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕುಡಿಯಲು ಬಿಟ್ಟೆ. ಆಮೇಲೆ ಏನೂ ಅರಿಯದವಳಂತೆ ನಿನ್ನನ್ನು ಪ್ರಶ್ನೆ ಕೇಳಿದೆ — ಅವ್ವನ ಎದುರಿಗೇ.

ಸುದ್ದಿಯ ಸಾರ ಮೊದಲ ಪ್ಯಾರಾದಲ್ಲೇ ಇರಬೇಕು ಎಂದು ಹೊಸ ವರದಿಗಾರರಿಗೆ ಹೇಳಿಕೊಡುತ್ತ ಬಂದವಳು ನಾನು. ಇಲ್ಲೂ ಅದನ್ನೇ ಪಾಲಿಸಿದ್ದೇನೆ. ಉಳಿದದ್ದು ವಿವರ. ಆದರೆ ಇಷ್ಟು ವರ್ಷ ನಾನು ಅಡಗಿಕೊಂಡದ್ದು ಆ ವಿವರಗಳ ಹಿಂದೆಯೇ. ಆದ್ದರಿಂದ ಅವನ್ನೂ ಬರೆಯಬೇಕು.

ಓದುವವರಿಗೆ ಪರಿಚಯ ಬೇಕು. ಸುನಂದಾ ನನ್ನ ತಮ್ಮ ಮಹಾಂತೇಶನ ಹೆಂಡತಿ, ಹೊಳಗುಂದದ ಹುಡುಗಿ. ಮದುವೆಗೆ ಮೊದಲು ಹಂಪಿಯ ಹತ್ತಿರ ವಿದೇಶಿಯರು ಇಳಿದುಕೊಳ್ಳುವ ಒಂದು ಹೋಟೆಲಿನಲ್ಲಿ ಕೆಲಸ ಮಾಡಿದವಳು. ಮಹಾಂತೇಶ ಆಂಧ್ರದ ಗಡಿಯೂರು ಆದೋನಿಯ ಹೊರಗಿನ ಒಂದು ನೂಲಿನ ಗಿರಣಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ನಾನು ಒಂದು ಕನ್ನಡ ಪತ್ರಿಕೆಯ ಆದೋನಿ ವರದಿಗಾರ್ತಿ. ಮದುವೆಯಾಗಲಿಲ್ಲ, ಹುಟ್ಟಿದ ಮನೆಯಲ್ಲೇ ಇದ್ದೇನೆ. ಅಪ್ಪನ ಹತ್ತಿ ವ್ಯಾಪಾರ ಅವನ ಜೊತೆಗೇ ಮುಗಿಯಿತು. ಉಳಿದದ್ದು ಮಾಳಿಗೆ ಮನೆ, ಮತ್ತು ಅವ್ವನ ಪೂಜೆ. ಅವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಕುಡಿದು ಬಂದ ನೆಂಟರನ್ನು ಹೊರಗಿನ ಕಟ್ಟೆಯ ಮೇಲೂ ಕೂರಗೊಡದವಳು.

ಅವ್ವ ಕಲಿತದ್ದು ಪೆದ್ದಕಡುಬೂರಿನ ತೆಲುಗು ಶಾಲೆಯಲ್ಲಿ. ಮಾತು ಕನ್ನಡ, ಅಕ್ಷರ ತೆಲುಗು. ಆದರೂ ಮನೆಗೆ ಕನ್ನಡ ಪತ್ರಿಕೆಯೇ ಬರಬೇಕು — ಮಗಳು ಬರೆಯುವುದು ಅದರಲ್ಲಿ. ಬೆಳಿಗ್ಗೆ ಚಹದ ಹೊತ್ತಿಗೆ ನಾನು ಓದಬೇಕು, ಅವಳು ಕೇಳಬೇಕು. ಔಷಧಿ ಚೀಟಿ, ಮದುವೆಯ ಕರೆಯೋಲೆ, ಕುಕ್ಕರಿನ ಡಬ್ಬಿಯ ಮೇಲಿನ ಇಂಗ್ಲಿಷು — ಯಾವುದೇ ಆಗಲಿ, "ಏನ್ ಬರದಾರ, ಓದವ್ವ" ಎಂದು ನನ್ನ ಕಡೆ ಚಾಚುತ್ತಾಳೆ. ತೆಲುಗನ್ನು ಬಿಟ್ಟರೆ ಬರಹ ಎನ್ನುವುದು ಅವಳನ್ನು ತಲುಪುತ್ತಿದ್ದದ್ದು ನನ್ನ ಬಾಯಿಂದ ಮಾತ್ರ. ನಾನು ಓದಿದ ಮೇಲೆ ಅವಳು ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಬಜ್ಜಿ ಕರಿಯುವಾಗ ಎಣ್ಣೆಯಿಂದ ತೆಗೆದ ಮೊದಲನೆಯದನ್ನು ಅವ್ವ ಮುರಿದು ಊದಿ ನನ್ನ ಕೈಗೆ ಹಾಕುತ್ತಿದ್ದಳು. "ಉಪ್ಪು ನೋಡು." ಸಣ್ಣವಳಿದ್ದಾಗಿನಿಂದಲೂ ಅದು ನನ್ನ ಹಕ್ಕು. ನನಗೆ ಅಡುಗೆ ಬರುತ್ತಿರಲಿಲ್ಲ, ಬರಬೇಕು ಎಂದು ಅವ್ವ ಹಟ ಹಿಡಿದವಳೂ ಅಲ್ಲ. ಆದರೆ ಉಪ್ಪು ನೋಡುವವಳು ನಾನೇ.

ನೀನು ಬಂದ ಮೇಲೆ ಒಂದು ದಿನ — ಯಾವ ದಿನ ಎಂದು ನೆನಪಿಲ್ಲ, ದೊಡ್ಡದೇನೂ ಆಗಲಿಲ್ಲವಲ್ಲ — ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವ್ವ ಮೊದಲ ಬಜ್ಜಿ ಮುರಿದಳು, ಊದಿದಳು, ನಿನ್ನ ಕೈಗೆ ಹಾಕಿದಳು. "ಉಪ್ಪು ನೋಡವ್ವ." ನೀನು ನೋಡಿ, "ಉಪ್ಪು ಸರಿ ಐತ್ರಿ ಅತ್ತಿ, ಅಜಿವಾನ ಒಂದು ಚಿಟಿಕಿ ಬೇಕು" ಎಂದೆ. ಅವ್ವ ಕಣ್ಣರಳಿಸಿ, "ನೋಡು, ಇದಕ್ಕಽ ನಾಲಿಗಿ ಅನ್ನಬೇಕು" ಎಂದಳು. ಇಷ್ಟು ವರ್ಷ ನಾನು ಹೇಳಿದ್ದು ಎರಡೇ ಉತ್ತರ: ಸರಿ ಐತಿ, ಕಡಿಮಿ ಐತಿ. ಮೂರನೆಯ ಉತ್ತರವೊಂದು ಇರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಅಲ್ಲಿಂದ ಶುರುವಾಯಿತು. ಹೊಟ್ಟೆಕಿಚ್ಚು ಎಂದು ಅದನ್ನು ಆಗ ನಾನು ಕರೆಯಲಿಲ್ಲ. ನಾನು ಸಮಾಧಾನದ ಹೆಂಗಸು ಎಂದು ಊರಲ್ಲಿ ಹೆಸರಿದೆ. ಗಲಾಟೆಯ ನಡುವೆಯೂ ನಿಂತು ಯಾರು ಏನು ಹೇಳಿದರು ಎಂದು ಬರೆದುಕೊಳ್ಳುವವಳು. ಆದರೆ ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿರುವಾಗ ಅವ್ವ ನಡುವೆಯೇ, "ಸುನಂದಾ, ಸಾರಿಗೆ ಹುಣಸಿಹಣ್ಣು ಸಾಕೇನ?" ಎಂದು ಕೂಗುವಳು. ನಾನು ವಾಕ್ಯದ ಮಧ್ಯೆ ನಿಲ್ಲುತ್ತಿದ್ದೆ. ಎಲ್ಲಿ ನಿಲ್ಲಿಸಿದೆ ಎಂದು ಅವಳು ಕೇಳುತ್ತಿರಲಿಲ್ಲ. ನಾನು ಅಲ್ಲಿಂದ ಒಂದೆರಡು ಪ್ಯಾರಾ ಹಾರಿಸಿ ಓದಿದರೂ —

ಗೊತ್ತಾಗುತ್ತಿರಲಿಲ್ಲ. ಬಿಟ್ಟು ಓದುವುದನ್ನು ನಾನು ಆಗಲೇ ಅಭ್ಯಾಸ ಮಾಡಿಕೊಂಡೆ ಎಂದು ಈಗ ಅನಿಸುತ್ತದೆ.

ಗಿರಣಿಗೆ ಹೊಸ ಯಂತ್ರ ಬಂದಾಗ ಅದನ್ನು ಜೋಡಿಸಲು ಇಟಲಿಯಿಂದ ಪಾವೊಲೊ ಎಂಬವರು ಬಂದರು. ಬಿಳಿ ಮೀಸೆಯ, ದೊಡ್ಡ ಹೊಟ್ಟೆಯ, ನಗುವ ಮನುಷ್ಯ. ಅವರ ಊಟದ ಡಬ್ಬಿ ಹೋಗುತ್ತಿದ್ದದ್ದು ನಮ್ಮ ಮನೆಯಿಂದ, ನಿನ್ನ ಕೈಯಿಂದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಡುವೆ ಒಮ್ಮೆ ಊರಿಗೆ ಹೋಗಿ ಬಂದವರು ನಿನಗೆಂದು ಒಂದು ಬಾಟಲಿ ತಂದರು. ಅವರ ಸೀಮೆಯ ಸಿಹಿ ಕೆಂಪು ವೈನ್. ಬ್ರಾಕೆಟ್ಟೊ ಎಂಬ ದ್ರಾಕ್ಷಿಯದು. ಕೆಲಸ ಮುಗಿಸಿ ಹೊರಡುವ ಮೊದಲು ಅದನ್ನು ನಿನ್ನ ಅಡುಗೆಯ ಜೊತೆ ಕುಡಿಯಬೇಕು ಎನ್ನುವುದು ಅವರ ಆಸೆ. ಮಹಾಂತೇಶ ಒಂದು ದಾರಿ ಹುಡುಕಿದ. ಬಾಟಲಿ ಮನೆಯೊಳಗೆ ಬರುವುದು ಬೇಡ, ಹೊರಗಿನ ಮೆಟ್ಟಿಲಿನಿಂದ ಮಾಳಿಗೆಗೆ ಹೋಗಲಿ, ಅವ್ವನಿಗೆ ಮೊಣಕಾಲು ನೋವು, ಮೇಲೆ ಹತ್ತುವುದಿಲ್ಲ, ಹೇಳುವುದೂ ಬೇಡ. ನಿನಗೆ ಅದು ಹಿಡಿಸಲಿಲ್ಲ. "ಹೇಳೇ ಮಾಡೋಣ್ರಿ" ಎಂದಿದ್ದೆ. ಬಾಗಿಲಾಚೆಯಿಂದ ಕೇಳಿಸಿಕೊಂಡದ್ದು, ಅದೂ ನನಗೆ ನೆನಪಿದೆ.

ಆ ದಿನ ಬೆಳಿಗ್ಗೆ ನೀನು ಮಾಳಿಗೆಯ ಕೋಣೆಯಲ್ಲಿ ಐಸು ತುಂಬಿದ ಬಕೆಟ್ಟಿನಲ್ಲಿ ಬಾಟಲಿ ಇಟ್ಟು ನನ್ನನ್ನು ಕರೆದೆ. ನನ್ನ ಮೇಲೆ ನಿನಗೆ ಅಷ್ಟು ಅಭಿಮಾನವಿತ್ತು. ಪತ್ರಿಕೆಯವಳು, ತಿಳಿದವಳು ಎಂದು.

"ಅಕ್ಕಾರ, ಇದನ್ನ ಅವರ ಊರಾಗ ಕೇಕಿನ ಜೋಡಿ, ಹಣ್ಣಿನ ಜೋಡಿ, ಚಾಕ್ಲೇಟಿನ ಜೋಡಿ ಕುಡೀತಾರ. ಗುಲಾಬಿ ವಾಸನಿ ಬರತೈತ್ರಿ, ನೋಡ್ರಿ ಬೇಕಾರ. ಆದ್ರ ನಾ ಮೊದಲ ಮೆಣಸಿನಕಾಯಿ ಬಜ್ಜಿ, ಒಗ್ಗರಣಿ ಮಂಡಕ್ಕಿ ಇಡಾಕಿ."

"ಬಜ್ಜಿಗೆ ವೈನೇನ?"

"ಖಾರಕ್ಕ ಸಿಹೀನಽ ಬೇಕಲ್ರಿ. ಎಣ್ಣಿ ಜಿಡ್ಡಿಗೆ ಈ ನೊರಿ ಬೇಕು. ಒಗರು ವೈನ್ ಕೊಟ್ರ ಬಾಯಿ ಇನ್ನಷ್ಟು ಉರೀತೈತಿ. ಕಡಿಗೆ ಶೇಂಗಾ ಹೋಳಿಗಿ. ಆದ್ರ ಬೆಲ್ಲ ಕಡಿಮಿ ಹಾಕೀನ್ರಿ. ತಿನ್ನೋದು ಕುಡಿಯೋದಕ್ಕಿಂತ ಸಿಹಿ ಆತಂದ್ರ ವೈನು ಹುಳಿ ನೀರಾಗತೈತಿ."

"ಇದೆಲ್ಲ ನಿನಗ ಹ್ಯಾಂಗ ಗೊತ್ತು? ಕುಡದು ನೋಡೀಯೇನ?"

ನೀನು ನಕ್ಕೆ. "ಹೋಟೆಲಿನ್ಯಾಗ ಕಲಿಯೋವಾಗ ನಾಲಿಗಿಗೆ ಹಚ್ಚಿ ಉಗುಳತಿದ್ವಿರಿ. ನುಂಗಾಂಗಿಲ್ಲ. ನಿಮ್ಮ ಪೇಪರಿನ್ಯಾಗ ಬರದೀರಿ ಮತ್ತ!"

ನಾನೂ ನಕ್ಕೆ. ಆಮೇಲೆ ನೀನು ಗಂಭೀರವಾದೆ. "ಅತ್ತಿಯವರಿಗೆ ಕೆಳಗ ನನ್ನಾರಿ ಬೇರಿನ ಶರಬತ್ತು ಮಾಡಿಟ್ಟೀನ್ರಿ. ಈ ಬಾಟ್ಲಿ ಮಾತ್ರ ಅವರ ಕಡೆ ಹೋಗಬಾರದು. ನಾ ಒಲಿ ಮುಂದ ಇರತೀನಿ. ಇದರ ಮ್ಯಾಲ ನಿಮ್ಮ ಕಣ್ಣಿರಲಿ ಅಕ್ಕಾರ."

"ಆತು" ಎಂದೆ.

ಇದು ಈವರೆಗೆ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ — ನೀನು ನನಗೆ ವಹಿಸಿದ್ದೆ ಎನ್ನುವುದು, ನಾನು ಒಪ್ಪಿಕೊಂಡಿದ್ದೆ ಎನ್ನುವುದು.

ಹೊತ್ತು ಇಳಿಯುವ ಮೊದಲೇ ಊಟ ಶುರುವಾಯಿತು. ಪಾವೊಲೊ ಬಜ್ಜಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮಹಾಂತೇಶ ಕಲಿಸಿದ ಕನ್ನಡದಲ್ಲಿ "ಭಾಳ ಖಾರ! ಇನ್ನೊಂದು!" ಎಂದು ಕೂಗುತ್ತಿದ್ದರು. ನಾನು ಬಜ್ಜಿಯ ತಟ್ಟೆ ತರಲು ಒಮ್ಮೆ ಕೆಳಗೆ ಹೋದೆ. ಅಡುಗೆಮನೆಯ ಬಾಗಿಲಿಗೆ ಬರುವಾಗ ಅವ್ವನ ದನಿ ಕೇಳಿತು. "ಈ ಸಲದ್ದು ಉಪ್ಪು ನೋಡು ಮಗಳ."

ಮಗಳ. ನಾನು ಆ ಕರೆಗೆ ಓಗೊಡಲು ಬಾಯಿ ತೆರೆದಿದ್ದೆ. ಒಳಗಿನಿಂದ ನಿನ್ನ ದನಿ ಬಂತು, "ಭೇಷ್ ಆಗೇತ್ರಿ ಅತ್ತಿ."

ತಟ್ಟೆ ತೆಗೆದುಕೊಳ್ಳದೆ ಮೇಲೆ ಬಂದೆ. ಪಾವೊಲೊ, ಮಹಾಂತೇಶ ಆಚೆ ತುದಿಯಲ್ಲಿ ಕೋಟೆ ಗುಡ್ಡದ ಕಡೆ ಕೈ ತೋರಿಸುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಏದುಸಿರು. ಅವ್ವ! ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಬಜ್ಜಿಯ ತಟ್ಟೆ. ನೀನು ಹೋಳಿಗೆಯ ಕಡೆ ತಿರುಗಿದ್ದಾಗ ಎದ್ದು ಬಂದಿರಬೇಕು.

"ಆ ಬಿಳಿ ಮೀಸಿ ಮನಿಷ್ಯಾ ಅಳತಾ ಅಳತಾ ಹ್ಯಾಂಗ ತಿಂತಾನೋ ನೋಡೇ ಬಿಡೂಣಂತ ಬಂದೆ" ಎಂದು ಚಾಪೆಯ ಮೇಲೆ ಕುಳಿತಳು. ಕುಳಿತವಳು ಮೂಗೆತ್ತಿದಳು. "ಏಮಿ ವಾಸನಮ್ಮಾ ಇದಿ! ಗುಲಾಬಿ ಎಲ್ಲಿ ಐತಿ?"

ಅವ್ವನಿಗೆ ಬಹಳ ಖುಷಿಯಾದರೆ ತೆಲುಗು ಬರುತ್ತದೆ.

ಬಾಟಲಿ ಅಲ್ಲೇ ಇತ್ತು. ಚಂದದ ಹೂಬಣ್ಣ, ಅಂಚಿನಲ್ಲಿ ಸಣ್ಣ ನೊರೆ. ಅವ್ವ ಅದನ್ನು ಎತ್ತಿ ನನ್ನ ಕಡೆ ಚಾಚಿದಳು, ಪ್ರತಿದಿನ ಪತ್ರಿಕೆ ಚಾಚುವ ಹಾಗೆ.

"ಏನ್ ಬರದಾರ, ಓದವ್ವ."

ನಾನು ತೆಗೆದುಕೊಂಡೆ. ಮುಂದಿನ ಚೀಟಿ ಅವರ ಭಾಷೆಯದು. ಹಿಂದೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಇನ್ನೊಂದು ಚೀಟಿ. ನಾನು ಓದಿದೆ, ಕನ್ನಡ ಮಾಡಿ, ಸಾವಕಾಶವಾಗಿ, ಯಾವಾಗಲೂ ಓದುವ ದನಿಯಲ್ಲಿ. ದ್ರಾಕ್ಷಿ ಹಣ್ಣಿನಿಂದ ಮಾಡಿದ್ದು. ಸಿಹಿಯಾದದ್ದು. ತಂಪಾಗಿಸಿ ಕುಡಿಯಬೇಕು. ಮೂರೂ ನಿಜ. ಅದರ ಕೆಳಗೆ ಇನ್ನೊಂದು ಸಾಲಿತ್ತು, ಆಲ್ಕೊಹಾಲ್ ಎಷ್ಟಿದೆ ಎಂದು. ನನ್ನ ಹೆಬ್ಬೆರಳು ಅದರ ಮೇಲಿರಲಿಲ್ಲ. ಕಣ್ಣಿಗೆ ಮಂಜೂ ಇರಲಿಲ್ಲ. ಅಕ್ಷರ ಅಕ್ಷರವೂ ಕಂಡಿತು — ಅಲ್ಲಿ ನಿಲ್ಲಿಸಿದೆ.

"ಒಂದು ಗುಟುಕು ಹಾಕು" ಎಂದಳು ಅವ್ವ.

ಮುಟ್ಟದ ಒಂದು ಲೋಟ ಪಕ್ಕದಲ್ಲಿತ್ತು. ಹಾಕಿಕೊಟ್ಟವಳೂ ನಾನೇ.

ಅವ್ವ ತುಟಿಗೆ ತಾಗಿಸದೆ ಎತ್ತಿ ಕುಡಿದಳು. ನೊರೆ ಮೂಗಿಗೆ ಏರಿ ಕೆಮ್ಮಿದಳು, ನಕ್ಕಳು. ಬಜ್ಜಿ ಕಚ್ಚಿದಳು. ಮತ್ತೆ ಕುಡಿದಳು. "ಅಬ್ಬಬ್ಬಾ, ಖಾರಾನೆಲ್ಲಾ ಎತ್ತಿಕೊಂಡು ಹೋತು ನೋಡು! ಬಜ್ಜಿ ಜೋಡಿ ಇದನ್ನ ಇಡಬೇಕಂತ ಯಾರಿಗೆ ಹೊಳಿಬೇಕು? ಸುನಂದಾಗಽ. ನೀನೂ ಇದ್ದಿ, ಇಷ್ಟು ವರ್ಷದಾಗ ಒಂದು ನಿಂಬಿಹಣ್ಣಿನ ಪಾನಕ ನೆಟ್ಟಗ ಮಾಡಲಿಲ್ಲ!"

ತಮಾಷೆಗೆ ಅಂದದ್ದು. ಅವಳು ನನ್ನ ಮೊಣಕಾಲು ತಟ್ಟಿದ್ದೂ ನೆನಪಿದೆ. ಆಗಲಾದರೂ ನಾನು ಲೋಟ ಕಸಿದು ಹೇಳಬಹುದಿತ್ತು — ಅವ್ವಾ, ತಪ್ಪಾಯಿತು, ಇದು ವೈನು, ನಾನು ಓದಲಿಲ್ಲ ಎಂದು. ಹೇಳಲಿಲ್ಲ. ನೀನು ಮೇಲೆ ಬರುವ ಹೆಜ್ಜೆ ಸದ್ದು ಕೇಳಿತು. ನಾನು ಕಾದೆ. ಹೌದು, ಕಾದೆ. ಆ ಪದಕ್ಕಿಂತ ಮೆದುವಾದ ಪದವನ್ನು ನಾನು ಹುಡುಕಿದ್ದೇನೆ, ಸಿಕ್ಕಿಲ್ಲ.

ನೀನು ಬಂದೆ. ಕೈಯಲ್ಲಿ ಹೋಳಿಗೆಯ ತಾಟು. ಅವ್ವನ ಕೈಯ ಲೋಟ ಕಂಡು ನಿಂತೆ. "ಅತ್ತಿ, ಅದು —"

ನೀನು ಮುಗಿಸುವ ಮೊದಲೇ ನಾನು ಕೇಳಿದೆ. "ಸುನಂದಾ, ಇದರಾಗ ಆಲ್ಕೊಹಾಲ್ ಐತೇನ?"

ಇಷ್ಟೇ ಮಾತು. ಉತ್ತರ ಗೊತ್ತಿದ್ದು ಪ್ರಶ್ನೆ ಕೇಳುವುದು ನಮ್ಮ ವೃತ್ತಿಯಲ್ಲಿ ತಪ್ಪಲ್ಲ. ಎದುರಿನವರ ಬಾಯಿಂದಲೇ ಬರಲಿ ಎಂದು ಕೇಳುತ್ತೇವೆ. ಅಧಿಕಾರಿಗಳನ್ನು, ಮುಖಂಡರನ್ನು ಹಾಗೆ ಕೇಳಿದ್ದೇನೆ. ನಿನ್ನನ್ನು ಕೇಳಿದಾಗ —

ನೀನು ನನ್ನ ಕಡೆ ನೋಡಿದೆ. ಸಿಟ್ಟಿರಲಿಲ್ಲ. ದಾರಿಯಲ್ಲಿ ಗುರುತಿನವರು ಗುರುತು ಹಿಡಿಯದೆ ಹೋದಾಗ ನೋಡುತ್ತೇವಲ್ಲ, ಹಾಗೆ.

"ಐತ್ರಿ" ಎಂದೆ.

"ಅಂದ್ರ? ಸಾರಾಯೇನ ಇದು?" ಅವ್ವ ಕೇಳಿದಳು. ನನ್ನನ್ನಲ್ಲ, ನಿನ್ನನ್ನು. "ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ ಅತ್ತಿ."

ಆಚೆಯಿಂದ ಪಾವೊಲೊ ಅವ್ವನ ಕೈಯಲ್ಲಿ ಲೋಟ ನೋಡಿ ಸಂತೋಷದಿಂದ ತಮ್ಮ ಲೋಟ ಎತ್ತಿ ತೋರಿಸಿದರು. ಮಹಾಂತೇಶ ಓಡಿ ಬಂದ. "ಅವ್ವಾ, ನಿನಗ ಮ್ಯಾಲ ಬಾ ಅಂದಾವರ್‍ಯಾರು?" ಅವ್ವ ಲೋಟ ಕೆಳಗಿಟ್ಟಳು. ಕೊರಳ ಲಿಂಗದ ಮೇಲೆ ಸೆರಗು ಒತ್ತಿ ಹಿಡಿದು, ಗೋಡೆ ಹಿಡಿದುಕೊಂಡು ಇಳಿದಳು. ಕೆಳಗೆ ಉಪ್ಪುನೀರು ಕುಡಿದು ವಾಂತಿ ಮಾಡಿಕೊಳ್ಳುವ ಸದ್ದು ಮಾಳಿಗೆಗೆ ಕೇಳುತ್ತಿತ್ತು.

ಮರುದಿನ ಮಠದ ಅಯ್ಯನವರು ಬಂದರು. ವಿಭೂತಿ, ತೀರ್ಥ, ಲಿಂಗಕ್ಕೆ ಮತ್ತೆ ಪೂಜೆ. ಅಯ್ಯನವರು, "ತಿಳೀದ ಆದದ್ದು ತಾಯಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ಅವ್ವ ಅಂದಳು: "ನನಗ ತಿಳೀದು. ನನ್ನ ಮಗಳಿಗೂ ತಿಳೀದು, ಪಾಪ, ಅದರ ಮ್ಯಾಲ ಬರದಿದ್ದಿಲ್ಲ. ತಿಳಿದಾಕಿ ಒಬ್ಬಾಕಿ ಇದ್ದಳು. ಇನ್ನ ಮ್ಯಾಲ ಆಕಿ ಕೈ ನೀರು ನನಗ ಬ್ಯಾಡ."

ಯೋಚನೆ ತನ್ನದು ಎಂದು ಮಹಾಂತೇಶ ಹೇಳಿದ್ದನ್ನು ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಬರೆದಿರಲಿಲ್ಲ ಎಂದು ಅವಳು ಅಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನೀನೂ ಇದ್ದೆ. ನೀನು ಹೇಳಲಿಲ್ಲ. ಸಂಜೆ ಮೆಟ್ಟಿಲ ಬಳಿ ಎದುರಾದಾಗ ಮೆಲ್ಲಗೆ ಅಂದೆ, "ಅಕ್ಕಾರ, ಅದರ ಮ್ಯಾಲ ಕಣ್ಣಿಡ್ರಿ ಅಂದಿದ್ದೆ." ನಾನು, "ಗದ್ದಲದಾಗ ಮರತೆ" ಎಂದೆ. "ಹೌದ್ರಿ" ಎಂದು ನೀನು ದಾರಿ ಬಿಟ್ಟು ನಿಂತೆ. ಅಷ್ಟೇ. ಮಹಾಂತೇಶನಿಗಾದರೂ ಹೇಳಿದೆಯೋ ಇಲ್ಲವೋ — ಹೇಳಿದ್ದರೆ ಅವನು ನನ್ನೊಡನೆ ಹೀಗೆ ಇರುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಸುನಂದಾ? ಇದು ಉತ್ತರ ಗೊತ್ತಿಲ್ಲದೆ ನಾನು ಕೇಳುತ್ತಿರುವ ಪ್ರಶ್ನೆ.

ಆಮೇಲೆ ಮಾಳಿಗೆಯ ಕೋಣೆಗೆ ಬೇರೆ ಒಲೆ ಬಂತು. ನೀವಿಬ್ಬರೂ ಮೇಲೆ, ನಾವಿಬ್ಬರೂ ಕೆಳಗೆ. ಊರಿಗೆ ಬರುವ ಗಿರಣಿಯ ಅತಿಥಿಗಳಿಗೆ ಮಾಳಿಗೆಯ ಮೇಲೆ ಊಟ ಹಾಕುವ ಯೋಚನೆ ನಿನಗಿತ್ತು. ರೊಟ್ಟಿಯ ಜೊತೆ ಏನು, ಬಜ್ಜಿಯ ಜೊತೆ ಏನು ಎಂದು ಮಹಾಂತೇಶನೊಡನೆ ಕೂತು ಮಾತಾಡುತ್ತಿದ್ದೆ. ಅದನ್ನು ಮತ್ತೆ ಎತ್ತಲಿಲ್ಲ. ಈಗ ಮೇಲಿನಿಂದ ಒಗ್ಗರಣೆಯ ವಾಸನೆ ಬಂದರೆ ಅವ್ವ ಎದ್ದು ಕಿಟಕಿ ಮುಚ್ಚುತ್ತಾಳೆ.

ನನಗೆ ಬೇಕಾದದ್ದು ಸಿಕ್ಕಿತು. ಅವ್ವ ಪೂರ್ತಿ ನನ್ನವಳಾದಳು. ನಾನು ಅಡುಗೆ ಕಲಿತೆ. ನನ್ನ ರೊಟ್ಟಿ ದಪ್ಪ, ಅಂಚು ಸುಡುತ್ತದೆ. ಅವ್ವ ಅಂಚು ಮುರಿದಿಟ್ಟು ತಿನ್ನುತ್ತಾಳೆ. ಬಜ್ಜಿ ಕರಿದ ದಿನ ಮೊದಲನೆಯದನ್ನು ಮುರಿದು ನನ್ನ ಕೈಗೆ ಹಾಕುತ್ತಾಳೆ. "ಉಪ್ಪು ನೋಡು." ನಾನು "ಸರಿ ಐತಿ" ಎನ್ನುತ್ತೇನೆ. ಅವಳು ಕ್ಷಣ ಹೊತ್ತು ನನ್ನ ಮುಖ ನೋಡುತ್ತಾಳೆ, ಇನ್ನೇನಾದರೂ ಹೇಳುತ್ತೇನೇನೋ ಎಂದು. ಆಮೇಲೆ ಒಲೆಯ ಕಡೆ ತಿರುಗುತ್ತಾಳೆ.

ಹೀಗೇ ಸಾಗಿಹೋಗುತ್ತಿತ್ತು. ಮೊನ್ನೆ ಅವ್ವನಿಗೆ ಜ್ವರ ಬಂದು, ಬಾಯಿಗೆ ರುಚಿ ಇಲ್ಲ ಎಂದು ಏನೂ ಮುಟ್ಟಲಿಲ್ಲ. ಏನು ಬೇಕು ಎಂದು ಕೇಳಿದೆ. ಗೋಡೆಯ ಕಡೆ ಮುಖ ತಿರುಗಿಸಿ ಅಂದಳು:

"ಅವತ್ತಿಂದು ಆ ಗುಲಾಬಿ ರುಚಿ ಇನ್ನೂ ನಾಲಿಗಿ ಮ್ಯಾಲ ಐತವ್ವ. ಖಾರದ ಮ್ಯಾಲ ಎಷ್ಟು ತಂಪಿತ್ತು! ನನಗ ಅದು ಚಲೋ ಅನಿಸಿತ್ತು. ಯಾರ ಮುಂದ ಹೇಳಲಿ? ಚಲೋ ಅನಿಸಿತಲ್ಲ ಅಂತಽ ಸುನಂದಾನ ಮ್ಯಾಲ ಸಿಟ್ಟು ಆರವಲ್ದು."

ಅವ್ವ ತನ್ನ ಗುಟ್ಟನ್ನು ನನಗೆ ಹೇಳಿದಳು. ಹೇಳಿ ಹಗುರಾದಳು, ಗಂಜಿ ಕುಡಿದಳು. ನನ್ನದು ಬಾಯಿಗೆ ಬಂದು ನಿಂತಿತು. ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ, ಅವಳ ಕೈ ನನ್ನ ಕೈಯಲ್ಲಿತ್ತು, ಆದರೂ — ಬರಲಿಲ್ಲ. ನನಗೆ ಹೇಳಲು ಬರುವುದಿಲ್ಲ ಸುನಂದಾ. ಬರೆಯಲು ಬರುತ್ತದೆ, ಬರೆದದ್ದನ್ನು ಓದಲು ಬರುತ್ತದೆ. ಅದಕ್ಕೇ ಬರೆದೆ.

ನಮ್ಮ ಪತ್ರಿಕೆಯಲ್ಲಿ ತಪ್ಪಾದರೆ ತಿದ್ದುಪಡಿ ಹಾಕುತ್ತೇವೆ. ಒಳಪುಟದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಾಗಿ. ಹಾಗೆ ಬೇಡ ಎಂದು ಇದನ್ನು ಭಾನುವಾರದ ಪುಟಕ್ಕೆ ಕೊಟ್ಟಿದ್ದೇನೆ. ಆ ದಿನ ಬೆಳಿಗ್ಗೆ ಚಹದ ಹೊತ್ತಿಗೆ ಅವ್ವ ಎಂದಿನಂತೆ ಪತ್ರಿಕೆಯನ್ನು ನನ್ನ ಕಡೆ ಚಾಚುತ್ತಾಳೆ. "ಏನ್ ಬರದಾರ, ಓದವ್ವ." ಇದನ್ನು ಅವಳಿಗೆ ಓದಿ ಹೇಳಬೇಕಾದವಳು ನಾನೇ. ಎಲ್ಲಿ ದನಿ ತಗ್ಗಿಸಬಹುದು, ಎಲ್ಲಿ ಒಂದು ಪ್ಯಾರಾ ಹಾರಿಸಬಹುದು ಎಂದು ನನ್ನ ನಾಲಿಗೆ ಈಗಲೇ ಲೆಕ್ಕ ಹಾಕುತ್ತಿದೆ. ನನಗೆ ಅದರ ಪರಿಚಯವಿದೆ.

ಅದಕ್ಕೇ ಅಚ್ಚಾಗುವ ಮೊದಲೇ ಇದರ ಕೈಬರಹವನ್ನು ನಿನ್ನ ಬಾಗಿಲ ಸಂದಿಯಲ್ಲಿಟ್ಟು ನಿನ್ನನ್ನು ಕೇಳಿಕೊಳ್ಳುತ್ತಿದ್ದೇನೆ. ಕ್ಷಮಿಸು ಎಂದಲ್ಲ; ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ನೀನು ಹೊಳಗುಂದದ ಕನ್ನಡ ಶಾಲೆಯಲ್ಲಿ ಓದಲು ಕಲಿತವಳು. ಭಾನುವಾರ ಬೆಳಿಗ್ಗೆ ಕೆಳಗೆ ಇಳಿದು ಬಾ. ಇನ್ನೊಂದು ಪ್ರತಿ ತರಿಸಿಟ್ಟಿರುತ್ತೇನೆ. ಅದನ್ನು ಕೈಯಲ್ಲಿ ಹಿಡಿದು ಅವ್ವನ ಪಕ್ಕದಲ್ಲಿ ಕೂಡು. ನಾನು ಓದುವಾಗ ಒಂದೊಂದು ಸಾಲಿನ ಮೇಲೂ ಬೆರಳಿಟ್ಟುಕೊಂಡು ಬಾ. ಎಲ್ಲಾದರೂ ಒಂದು ಸಾಲು ಬಿಟ್ಟರೆ, ಅವ್ವನ ಎದುರಿಗೇ ನನ್ನನ್ನು ನಿಲ್ಲಿಸಿ ಕೇಳು.